ಬಾಸ್ 'ಚ್ಯುಸ್ಸಿ' ಅಂದರು. ಖುಷಿಪಡಲಾ, ಬೇಜಾರು ಮಾಡಿಕೊಳ್ಳಲಾ?

ಮೈಸೂರ್‌ಪಾಕ್_ಸಿಂಡೆಲ್ಫಿಂಗನ್

ಎಲ್ಲರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್ ಪಕ್ಕದ ಸಿಂಡೆಲ್ಫಿಂಗನ್‌ಗೆ ಬಂದು ಎಂಟು ತಿಂಗಳಾಯಿತು. ಬೆಂಗಳೂರಿನಲ್ಲಿ ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಪಾಸು ಮಾಡಿಕೊಂಡೇ ಬಂದವನು ನಾನು. ಪುಸ್ತಕದಲ್ಲಿ ಇದ್ದದ್ದು ಎರಡೇ. ಬರುವಾಗ 'ಗೂಟನ್ ಟಾಗ್', ಹೊರಡುವಾಗ 'ಔಫ್ ವೀಡರ್‌ಜೇನ್'. ನಮ್ಮ ಆಫೀಸಿನಲ್ಲಿ ಇವೆರಡನ್ನೂ ಹೇಳುವವನು ನಾನೊಬ್ಬನೇ.

ನಮ್ಮ ಟೀಮ್ ಲೀಡ್‌ಗೆ ಐವತ್ತೈದು ವಯಸ್ಸಿರಬಹುದು. ಮೀಟಿಂಗ್‌ನಲ್ಲಿ ಅವರು ನಕ್ಕಿದ್ದು ನಾನು ನೋಡಿಲ್ಲ. ಅಂಥವರು ಮೊನ್ನೆ ಶುಕ್ರವಾರ ಹೊರಡುವಾಗ ನನ್ನ ಕಡೆ ಕೈ ಬೀಸಿ 'ಚ್ಯುಸ್ಸಿ!' ಅಂದರು. 'ಚ್ಯೂಸ್' ಅಂದರೆ 'ಬರ್ತೀನಿ' ಅಂತ ಗೊತ್ತು. ಈ 'ಸ್ಸಿ' ಯಾಕೆ? ನಾನು ಮಗು ಥರ ಕಾಣುತ್ತೇನಾ?

ಪಕ್ಕದ ಟೇಬಲ್ಲಿನವನು ಬೆಳಿಗ್ಗೆ 'ಹಲ್ಯೋಶೆನ್' ಅನ್ನುತ್ತಾನೆ. ಇನ್ನೊಬ್ಬರು ದಿನಾ ಸಂಜೆ ನನ್ನ ಹಿಂದೆ ಕೂರುವ ಹೆಂಗಸಿನ ಕಡೆ ತಿರುಗಿ 'ಆಡೆಲೆ' ಅನ್ನುತ್ತಿದ್ದರು. ಎರಡು ವಾರ ಅದು ಅವರ ಹೆಸರು ಅಂದುಕೊಂಡಿದ್ದೆ. ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಏನೋ ಕೇಳಬೇಕಿತ್ತು. ಹತ್ತಿರ ಹೋಗಿ 'ಆಡೆಲೆ...' ಅಂತ ಶುರು ಮಾಡಿದೆ. ಅವರು ಗಡಿಯಾರ ನೋಡಿ, ಇಷ್ಟು ಬೇಗಾನಾ ಅನ್ನೋ ಹಾಗೆ ಮುಖ ಮಾಡಿ, ಕೈ ಬೀಸಿದರು.

ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಸಂದೇಹಿ_101

ಇದರಲ್ಲಿ ಬಿಡಿಸೋದೇನಿದೆ? 'ಶೆನ್' ಹಚ್ಚಿದರೆ ಚಿಕ್ಕದು ಅಂತ ಅರ್ಥ. ಬ್ರೋಟ್ ಅಂದರೆ ಬ್ರೆಡ್ಡು, ಬ್ರ್ಯೋಟ್‌ಶೆನ್ ಅಂದರೆ ಚಿಕ್ಕ ಬನ್ನು. ಹಾಗೇ ಹಲ್ಯೋಶೆನ್ ಅಂದರೆ ಚಿಕ್ಕ ಹಲೋ. ಮುಗೀತು.

ಜರ್ಮನ್_ಟೀಚರಮ್ಮ

ಸಂದೇಹಿಯವರೇ, ವ್ಯಾಕರಣ ಸರಿ, ಅರ್ಥ ಸರಿಯಿಲ್ಲ. ನಾನು ಬೆಂಗಳೂರಿನಲ್ಲಿ ಜರ್ಮನ್ ಕಲಿಸುತ್ತೇನೆ, ಈ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ.

ಜರ್ಮನರು 'ಬೀಯರ್‌ಶೆನ್ ಕುಡಿಯೋಣ ಬಾ' ಅಂದರೆ ಟೇಬಲ್ಲಿಗೆ ಬರೋದು ಅರ್ಧ ಲೀಟರ್ ಗ್ಲಾಸೇ. ಬೀಯರ್ ಚಿಕ್ಕದಾಗಿಲ್ಲ. ಹಾಗಾದರೆ ಚಿಕ್ಕದಾಗಿದ್ದು ಯಾವುದು? ಆ ಕರೆಯ ಭಾರ. 'ದೊಡ್ಡ ವಿಷಯವೇನಲ್ಲ, ಸುಮ್ನೆ ಬಾ' ಅನ್ನೋ ಧಾಟಿ. ನಾವು 'ಒಂಚೂರು ಕೂತ್ಕೊಳ್ಳಿ, ಎರಡೇ ನಿಮಿಷ' ಅನ್ನುತ್ತೇವಲ್ಲ, ಆ ಎರಡು ನಿಮಿಷವನ್ನು ಯಾರಾದರೂ ವಾಚು ಹಿಡಿದು ಅಳೆಯುತ್ತಾರಾ?

ವಿಯೆನ್ನಾದ ಭಾಷಾಶಾಸ್ತ್ರಜ್ಞ ವೋಲ್ಫ್‌ಗಾಂಗ್ ಡ್ರೆಸ್ಲರ್ ಮತ್ತು ಇಟಲಿಯ ಲವೀನಿಯಾ ಮೆರ್ಲೀನಿ ಬಾರ್ಬರೇಸಿ 1994ರಲ್ಲಿ ಇದನ್ನೇ ವಾದ ಮಾಡಿ ತೋರಿಸಿದರು. ಇಂಥ ಬಾಲಗಳನ್ನು ಮಾತಿನಲ್ಲಿ ಬಳಸುವಾಗ ಮುಖ್ಯವಾಗುವುದು 'ಚಿಕ್ಕದು' ಅನ್ನುವುದಲ್ಲ, 'ಗಂಭೀರವಲ್ಲ' ಅನ್ನುವುದು. ಚಿಕ್ಕ ಮಕ್ಕಳ ಜೊತೆ, ಸಾಕುಪ್ರಾಣಿಗಳ ಜೊತೆ, ಪ್ರೇಮಿಗಳ ನಡುವೆ ಈ ಬಾಲಗಳು ಜಾಸ್ತಿ ಬರೋದು ಅದಕ್ಕೇ.

ಇನ್ನೊಂದು ಗಮನಿಸಿ. ಈ ಬಾಲ ಹಚ್ಚೋದು ಸಾಮಾನ್ಯವಾಗಿ ನಾಮಪದಕ್ಕೆ. 'ಹಲೋ' ನಾಮಪದ ಅಲ್ಲ, ಬರೀ ಒಂದು ಕೂಗು. ಆದರೂ ಜರ್ಮನ್ ಬಾಯಿ ನಿಯಮ ಬಿಡುವುದಿಲ್ಲ. ಬ್ರೋಟ್ ಹೇಗೆ ಬ್ರ್ಯೋಟ್ ಆಯಿತೋ ಹಾಗೇ ಹಲೋದ 'ಓ' ಕೂಡ ತುಟಿ ಮುಂದೆ ಚಾಚಿ ಹೇಳುವ 'ಯೋ' ಆಯಿತು. ಅಂದಹಾಗೆ 'ಶೆನ್' ಅಂತ ಬರೆದಿದ್ದು ನನ್ನ ಅನುಕೂಲಕ್ಕೆ. ನಿಜವಾದ ದನಿ 'ಶೆ' ಮತ್ತು 'ಹೆ' ನಡುವೆ ಎಲ್ಲೋ ಇದೆ.

ಮೈಸೂರ್‌ಪಾಕ್_ಸಿಂಡೆಲ್ಫಿಂಗನ್

ಮೇಡಂ, ಹಾಗಾದರೆ 'ಔಫ್ ವೀಡರ್‌ಜೇನ್‌ಶೆನ್' ಅನ್ನಬಹುದಾ?

ಜರ್ಮನ್_ಟೀಚರಮ್ಮ

ಅನ್ನಬೇಡಿ! ಯಾರೂ ಅನ್ನುವುದಿಲ್ಲ. ಕೋಟು ಟೈ ಕಟ್ಟಿಕೊಂಡ ಮಾತಿಗೆ ಬಾಲ ಅಂಟುವುದಿಲ್ಲ. ಮನೆಬಟ್ಟೆಯಲ್ಲಿರುವ ಮಾತಿಗೇ ಅದು ಬರೋದು. ಪೂರ್ತಿ 'ಗೂಟನ್ ಟಾಗ್' ಹಾಗೇ ಉಳಿಯುತ್ತದೆ. ಅದೇ ಬಾಯಲ್ಲಿ ಸವೆದು 'ಟಾಖ್' ಆದ ಮೇಲೆ, ಬರ್ಲಿನ್ ಕಡೆಯವರು 'ಟಾಖ್‌ಶೆನ್' ಅನ್ನುತ್ತಾರೆ. ಗ್ಲಾಸಿಗೆ ಗ್ಲಾಸು ತಾಗಿಸುವಾಗ 'ಪ್ರೋಸ್ಟ್', ಅದು 'ಪ್ರ್ಯೋಸ್ಟರ್‌ಶೆನ್' ಆಗುತ್ತದೆ.

ನಿಮ್ಮ 'ಚ್ಯುಸ್ಸಿ'ಯಲ್ಲಿರುವ 'ಇ' ಬೇರೆ ಜಾತಿ. ಅದು ಮುದ್ದಿನ 'ಇ'. ಮುಟ್ಟರ್ (ಅಮ್ಮ) ಮುಟ್ಟಿ ಆಗುತ್ತದೆ, ಓಮಾ (ಅಜ್ಜಿ) ಓಮಿ ಆಗುತ್ತದೆ, ಶಾಟ್ಸ್ (ಚಿನ್ನ) ಶಾಟ್ಸಿ ಆಗುತ್ತದೆ. ನಮ್ಮಲ್ಲಿ ರಾಘವೇಂದ್ರ ರಾಘು ಆಗೋ ಹಾಗೆ.

ಧಾರವಾಡ_ಪೇಢಾ

ನಾನು ಜರ್ಮನಿ ನೋಡಿಲ್ಲ, ಮಗಳು ಅಲ್ಲಿದ್ದಾಳೆ. ಫೋನ್ ಇಡುವಾಗ 'ಚ್ಯುಸ್ಸಿ ಅಪ್ಪಾಜಿ' ಅನ್ನುತ್ತಾಳೆ. ನಾನು 'ಹೂಂ, ಚ್ಯುಸ್‌ರೀ' ಅನ್ನುತ್ತೇನೆ. ನಮ್ಮ ಕಡೆ ಏನೇ ಇದ್ದರೂ ಕೊನೆಗೆ ಒಂದು 'ರೀ' ಬೀಳಲೇಬೇಕು.

ಕೊಲೋನ್_ನರ್ಸಕ್ಕ

ಪೇಢಾ ಸರ್, ನಿಮ್ಮ 'ಚ್ಯುಸ್‌ರೀ' ನಾಳೆಯಿಂದ ನಮ್ಮ ವಾರ್ಡಿನಲ್ಲಿ ಚಾಲ್ತಿಗೆ ಬರುತ್ತದೆ.

ಆದರೆ ಟೀಚರಮ್ಮನವರು ಒಂದು ವಿಷಯ ಬಿಟ್ಟರು ಮಾರಾಯ್ರೆ. ಈ ಬಾಲ ಕಚ್ಚುವುದೂ ಉಂಟು. ನಾನು ಮಂಗಳೂರಿನವಳು, ಕೊಲೋನ್‌ನಲ್ಲಿ ಆರು ವರ್ಷದಿಂದ ನರ್ಸ್. ಮೊದಲ ವರ್ಷ ಎಲ್ಲರ ಬಾಯಲ್ಲೂ ಕೇಳಿ ಕೇಳಿ ನಾನೂ ರೋಗಿಗಳ ಕೋಣೆಗೆ 'ಹಲ್ಯೋಶೆನ್!' ಅಂತ ರಾಗ ಎಳೆದುಕೊಂಡು ಹೋಗುತ್ತಿದ್ದೆ. ಒಬ್ಬರು ಅಜ್ಜಿ, ಎಂಬತ್ತು ದಾಟಿದವರು, ಹಿಂದೆ ಶಾಲೆಯಲ್ಲಿ ಪಾಠ ಮಾಡಿದವರು. ಕನ್ನಡಕ ತೆಗೆದು ನನ್ನನ್ನು ನೋಡಿ, 'ನರ್ಸ್, ನನ್ನ ಕಾಲು ಮುರಿದಿದೆ, ತಲೆ ಸರಿಯಾಗಿದೆ' ಅಂದರು. ನನಗೆ ಮುಖ ಎಲ್ಲಿಡುವುದು ಅಂತ ಆಯಿತು. ಅವರ ಬಳಿ ಅಂದಿನಿಂದ 'ಗೂಟನ್ ಮಾರ್ಗನ್' ಮಾತ್ರ. ಆಮೇಲೆ ತರಬೇತಿಯಲ್ಲೂ ಅದನ್ನೇ ಹೇಳಿದರು. ವಯಸ್ಸಾದವರಿಗೆ ಮಕ್ಕಳ ಭಾಷೆ ಬೇಡ, ಅವರಿಗದು ಅವಮಾನ ಅನ್ನಿಸುತ್ತದೆ ಅಂತ.

ಬೈಯುವುದಕ್ಕೂ ಇದೇ ಬಾಲ ಬೇಕು ನೋಡಿ. ಫ್ರಾಯ್ಂಡ್ ಅಂದರೆ ಗೆಳೆಯ. ಯಾರಾದರೂ ಬೆರಳು ತೋರಿಸಿ 'ಫ್ರಾಯ್ಂಡ್‌ಶೆನ್!' ಅಂದರೆ ಅಲ್ಲಿಂದ ಜಾಗ ಖಾಲಿ ಮಾಡುವುದು ಒಳ್ಳೆಯದು. ನಮ್ಮಲ್ಲಿ 'ಏನಪ್ಪಾ ರಾಜ' ಅಂತ ಒಂದು ಧಾಟಿಯಲ್ಲಿ ಹೇಳುತ್ತಾರಲ್ಲ, ಅದು.

ಒಳ್ಳೆಯದಕ್ಕೂ ಬೇಕು. ಇಲ್ಲಿ ಕಾರ್ನಿವಲ್ ಸಮಯದಲ್ಲಿ ಗುರುತಿಲ್ಲದವರೂ ಕೆನ್ನೆಗೆ ಒಂದು ಪುಟ್ಟ ಮುತ್ತು ಕೊಡುತ್ತಾರೆ. ಅದಕ್ಕೆ 'ಬ್ಯುಟ್ಸ್ಯೆ' ಅಂತ ಹೆಸರು. ಕೊನೆಯ 'ಯೆ' ಕೊಲೋನಿನ 'ಶೆನ್'. ಬಾಲ ಇದೆ, ಹಾಗಾಗಿ ಅದನ್ನು ಯಾರೂ ಗಂಭೀರವಾಗಿ ತಗೊಳ್ಳುವುದಿಲ್ಲ. ಹೊರಡುವಾಗ ಇಲ್ಲಿನವರು 'ಚ್ಯೋ' ಅನ್ನುತ್ತಾರೆ, ಇನ್ನೂ ಸಲಿಗೆ ಇದ್ದರೆ 'ಚ್ಯೋಕೆಸ್'.

ಸಂದೇಹಿ_101

ಸರಿ, ಸೋತೆ. ಆದರೆ ಒಂದು ಕೇಳುತ್ತೇನೆ. 'ಚ್ಯುಸ್ಸಿ' ಹೆಂಗಸರ ಮಾತಲ್ವಾ? ನಮ್ಮ ಫ್ಯಾಕ್ಟರಿಯಲ್ಲಿ ಗಂಡಸರು ಹೇಳಿದರೆ ಬೇಕಂತಲೇ ದನಿ ಸಣ್ಣ ಮಾಡಿಕೊಂಡು ತಮಾಷೆಗೆ ಹೇಳುತ್ತಾರೆ.

ಎಲ್ಬೆ_ತೀರದವಳು

ಹಾಗೆ ಅಂದುಕೊಳ್ಳುವವರು ಇದ್ದಾರೆ ನಿಜ. ಆದರೆ ನಮ್ಮ ಹ್ಯಾಂಬರ್ಗ್ ಆಫೀಸಿನಲ್ಲಿ ಆರೂವರೆ ಅಡಿಯ ಗೋದಾಮಿನ ಮೇಸ್ತ್ರಿಯೂ ಫೋನ್ ಇಡುವಾಗ ಹೇಳುತ್ತಾನೆ. ಫೋನಿನಲ್ಲಿ ಇನ್ನೊಂದು ಮಜಾ ಇದೆ. ಬರೀ 'ಚ್ಯೂಸ್' ಅಂದರೂ ಅದನ್ನು ಹಾಡುತ್ತಾರೆ. ಮೊದಲ ಅರ್ಧ ಮೇಲೆ, ಎರಡನೇ ಅರ್ಧ ಕೆಳಗೆ, 'ಚ್ಯೂ-ಊಸ್'. ಅಕ್ಷರದಲ್ಲಿ ಬಾಲ ಇಲ್ಲ, ರಾಗದಲ್ಲಿ ಇದೆ.

ಉತ್ತರದವಳಾಗಿ ನನ್ನದೊಂದು ದೂರು. ಚ್ಯೂಸ್ ನಮ್ಮ ಕಡೆಯ ಪದ. ಇಲ್ಲಿನ ಹಳೆಯ ಕೆಳಜರ್ಮನ್‌ನಲ್ಲಿ 'ಆಡ್ಯೂಸ್', 'ಆಚ್ಯೂಸ್' ಅಂತಿತ್ತು. ಫ್ರೆಂಚರ 'ಆದ್ಯೂ', ಬೆಲ್ಜಿಯಂ ಕಡೆಯ ವಾಲೂನ್, ಸ್ಪೇನಿನ 'ಆದಿಯೋಸ್', ಇವುಗಳಲ್ಲಿ ಯಾವುದರಿಂದ ಬಂತು ಅಂತ ಪಂಡಿತರು ಜಗಳ ಆಡುತ್ತಾರೆ. ಮೂಲದಲ್ಲಿ ಎಲ್ಲವೂ ಒಂದೇ, 'ದೇವರಿಗೆ' ಅಂತ. ನಿನ್ನನ್ನು ದೇವರಿಗೆ ಒಪ್ಪಿಸಿದೆ ಅನ್ನೋ ಮಾತು. ಬಾಯಿಂದ ಬಾಯಿಗೆ ಸವೆದು ಸವೆದು ದೇವರ ಹೆಸರಿನ ಗುರುತೇ ಇಲ್ಲ. ಈಗ ಅದಕ್ಕೊಂದು ಮುದ್ದಿನ 'ಇ' ಬೇರೆ.

ನಮಗೆ ಬಾಲ ಹಚ್ಚೋ ಚಟ ಕಮ್ಮಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಎಲ್ಲಕ್ಕೂ 'ಮೋಯ್ನ್'. ಎರಡು ಸಲ 'ಮೋಯ್ನ್ ಮೋಯ್ನ್' ಅಂದರೆ ಬಾಯಿಬಡುಕ ಅಂತ ತಮಾಷೆ ಮಾಡುತ್ತಾರೆ. ಆದರೂ ಹುಡುಗರು ಈಗ 'ಮೋಯ್ನ್ಸೆನ್' ಅನ್ನುತ್ತಾರೆ. ನಮ್ಮ ಕಡೆ ಅದೇ ದೊಡ್ಡ ಅಲಂಕಾರ.

ವಿಯೆನ್ನಾ_ಇಡ್ಲಿ

ಆ ದೂರಿನ ಇನ್ನೊಂದು ಮಗ್ಗುಲು ನಮ್ಮ ಕಡೆ ಇದೆ ಅಕ್ಕ. ದಕ್ಷಿಣದವರಿಗೆ ಚ್ಯೂಸ್ ಅಂದರೆ ಉತ್ತರದವರ ದಾಳಿ. 2012ರಲ್ಲಿ ಬವೇರಿಯಾದ ಪಸ್ಸೌ ಊರಿನ ಒಂದು ಶಾಲೆ ತನ್ನನ್ನು 'ಹಲೋ ಮತ್ತು ಚ್ಯೂಸ್ ಇಲ್ಲದ ವಲಯ' ಅಂತ ಘೋಷಿಸಿಕೊಂಡಿತ್ತು. ಮಕ್ಕಳು ದಕ್ಷಿಣದ ನಮಸ್ಕಾರವಾದ 'ಗ್ರ್ಯೂಸ್ ಗಾಟ್' ಅನ್ನಬೇಕು, ಅದೇ ಮರ್ಯಾದೆ ಅಂತ. ಪತ್ರಿಕೆಗಳಲ್ಲೆಲ್ಲ ಬಂತು. ಬಾಲ ಇಲ್ಲದ ಚ್ಯೂಸ್‌ಗೇ ಈ ಗತಿ. ಚ್ಯುಸ್ಸಿ ಕೇಳಿದ್ದರೆ ಏನು ಮಾಡುತ್ತಿದ್ದರೋ!

ವಿಯೆನ್ನಾದಲ್ಲಿ ನನಗೆ ಆದ ಕತೆ ಕೇಳಿ. ಇಲ್ಲಿ ಆಪ್ತರು ಹೊರಡುವಾಗ 'ಬಾಬಾ' ಅನ್ನುತ್ತಾರೆ. ಬಂದ ಹೊಸದರಲ್ಲಿ ಮನೆ ಮಾಲೀಕರು ಮೆಟ್ಟಿಲ ಹತ್ತಿರ ನಿಂತು 'ಬಾಬಾ' ಅಂದರು. ನಾನು ಕನ್ನಡದವನು, ಎರಡು ಸಲ 'ಬಾ' ಅಂದರೆ ಏನು ಮಾಡುತ್ತೇನೆ? ವಾಪಸ್ ಮೆಟ್ಟಿಲು ಹತ್ತಿದೆ. ಅವರು ಬಾಗಿಲು ಹಾಕಿಕೊಂಡರು.

ಆಪ್ತರಾದರೆ ಫೋನ್ ಇಡುವಾಗ 'ಬುಸ್ಸಿ, ಬಾಬಾ'. ಬುಸ್ಸಿ ಅಂದರೆ ಮುತ್ತು. ಹೋಟೆಲಿನಲ್ಲಿ ಕಾಫಿ 'ಕಫೇಚೆರ್ಲ್', ಅಂಗಡಿಯಲ್ಲಿ ಚೀಲ 'ಸಕ್ಕೆರ್ಲ್'. ನಮ್ಮ ಬಾಲ 'ಎರ್ಲ್'. ಇಡೀ ಊರೇ ಮಗುವಿನ ಜೊತೆ ಮಾತಾಡೋ ಹಾಗೆ ಕೇಳಿಸುತ್ತದೆ. ಆದರೆ ವೇಟರ್‌ಗಳ ಸಿಡುಕು ಮುಖ ನೋಡಿದರೆ ಆ ಭ್ರಮೆ ಹೋಗುತ್ತದೆ.

ಧಾರವಾಡ_ಪೇಢಾ

ಅಲ್ಲಿ 'ಸೆರ್ವುಸ್' ಅಂತಲೂ ಅನ್ನುತ್ತಾರಂತಲ್ಲ. ಲ್ಯಾಟಿನ್‌ನಲ್ಲಿ ಅದು 'ಗುಲಾಮ', ನಿಮ್ಮ ಸೇವಕ ಅನ್ನೋ ಅರ್ಥ ಅಂತ ಮಗಳು ಹೇಳಿದಳು. ಇಟಲಿಯವರ 'ಚಾವ್' ಕೂಡ ವೆನಿಸ್ ಕಡೆಯ ಅದೇ 'ಗುಲಾಮ'. ನನಗೆ ಇದು ಕೇಳಿ ಬಹಳ ಹಿತ ಆಯಿತು. ನಮ್ಮಲ್ಲಿ ಎದುರಿಗೆ ಸಿಕ್ಕವರಿಗೆ 'ಶರಣ್ರೀ' ಅನ್ನುತ್ತೇವೆ. ಅದೇ ಭಾವ ಅಲ್ಲವೇನು? ಅವರದು ಸಲಿಗೆಯ ಮಾತಾಗಿ ಹೋಗಿದೆ, ನಮ್ಮದರಲ್ಲಿ ಇನ್ನೂ ಮರ್ಯಾದೆ ಉಳಿದಿದೆ.

ಜರ್ಮನ್_ಟೀಚರಮ್ಮ

ಪೇಢಾ ಸರ್, ನೀವು ಎರಡು ಸಲ ಸುಮ್ನೆ ಹೇಳಿದ ಆ 'ರೀ'ಯಲ್ಲೇ ನನ್ನ ಉತ್ತರ ಇದೆ. ಹದಿನಾಲ್ಕು ವರ್ಷ ಪಾಠ ಮಾಡಿದರೂ ನನಗೆ ಹೊಳೆದಿರಲಿಲ್ಲ.

ಕನ್ನಡದಲ್ಲಿ 'ಶೆನ್' ಥರದ ಬಾಲ ಇಲ್ಲ ಅಂತ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಪುಟ್ಟ, ಮರಿ ಅಂತ ಬೇರೆ ಪದವನ್ನೇ ಸೇರಿಸಬೇಕು ಅಂತ. ಆದರೆ 'ಬರ್ತೀನಿ' ಅನ್ನೋದನ್ನು ತಗೊಳ್ಳಿ. 'ಬರ್ತೀನ್ರೀ', 'ಬರ್ತೀನಪ್ಪ', 'ಬರ್ತೀನಮ್ಮ', 'ಬರ್ತೀನಿ ಕಣೋ', 'ಬರ್ತೇನೆ ಮಾರಾಯ್ರೆ'. ಹೊರಡೋದು ಒಂದೇ. ಬಾಲದಲ್ಲಿ ಗೊತ್ತಾಗೋದು ನೀವು ನನಗೆ ಯಾರು ಅಂತ. 'ಅಪ್ಪ' ಅಂದ ಮಾತ್ರಕ್ಕೆ ಎದುರಿನವರು ತಂದೆ ಅಲ್ಲ. ಹಾಗೇ 'ಇ' ಅಂದ ಮಾತ್ರಕ್ಕೆ ಎದುರಿನವರು ಮಗು ಅಲ್ಲ. ನಾವು ಬಾಲದಿಂದ ಮರ್ಯಾದೆಯನ್ನೂ ತೋರಿಸುತ್ತೇವೆ, ಸಲಿಗೆಯನ್ನೂ ತೋರಿಸುತ್ತೇವೆ. ಜರ್ಮನರಿಗೆ ಮರ್ಯಾದೆಗೆ ಬೇರೆ 'ಝೀ' (ನೀವು) ಇದೆ, ಬಾಲ ಬರೀ ಸಲಿಗೆಗೆ.

ಹಾಗಾಗಿ ಮೈಸೂರ್‌ಪಾಕ್ ಅವರೇ, ನಿಮ್ಮ ಬಾಸ್ ಹೇಳಿದ್ದು ಹೆಚ್ಚುಕಮ್ಮಿ 'ಬರ್ತೀನಪ್ಪ'. ವಾರದ ಕೆಲಸ ಮುಗೀತು, ಈಗ ನಾನು ಬಾಸ್ ಅಲ್ಲ ಅಂತ. ಸೋಮವಾರ ಮೀಟಿಂಗ್‌ನಲ್ಲಿ ಮತ್ತೆ ಅದೇ ಮುಖ ಇರುತ್ತದೆ, ಗಾಬರಿಯಾಗಬೇಡಿ.

ಮೈಸೂರ್‌ಪಾಕ್_ಸಿಂಡೆಲ್ಫಿಂಗನ್

ಮೇಡಂ, ಕಣ್ಣು ತೆರೆಸಿದಿರಿ. ನಾನೂ ಅವರಿಗೆ ವಾಪಸ್ ಹೇಳಬಹುದಾ?

ಕೊಲೋನ್_ನರ್ಸಕ್ಕ

ಒಬ್ಬರಿಗೊಬ್ಬರು 'ಡು' (ನೀನು) ಅನ್ನುತ್ತೀರಾ, 'ಝೀ' ಅನ್ನುತ್ತೀರಾ? ಡು ಆದರೆ ಧಾರಾಳ. ಝೀ ಆದರೆ ಬರೀ 'ಚ್ಯೂಸ್' ಸಾಕು. ನನ್ನ ಗಂಡ ಒಂದು ಸರ್ಕಾರಿ ಕಚೇರಿಯಲ್ಲಿ ವೀಸಾ ಕಾಗದ ಕೊಟ್ಟು, ಎದ್ದು ಬರುವಾಗ ಖುಷಿಯಲ್ಲಿ 'ಚ್ಯುಸ್ಸಿ' ಅಂದುಬಿಟ್ಟರು. ಆ ಅಧಿಕಾರಿ ತಲೆ ಎತ್ತದೆ 'ಔಫ್ ವೀಡರ್‌ಜೇನ್' ಅಂದರು. ಪ್ರತಿ ಅಕ್ಷರವನ್ನೂ ಬಿಡಿಸಿ. ವೀಸಾ ಸಿಕ್ಕಿತು, ಅದು ಬೇರೆ ಮಾತು. ಇವರು ಮಾತ್ರ ಮೂರು ವಾರ ನಿದ್ದೆ ಮಾಡಲಿಲ್ಲ.

ಜ್ಯೂರಿಕ್_ಗೌಡ

ಸ್ವಿಸ್ ಕಡೆಯಿಂದ ಒಂದು ತಿದ್ದುಪಡಿ. ಇಲ್ಲಿನ ಬಾಲ 'ಲಿ'. ಮೆಸೇಜಿನ ಕೊನೆಗೆ 'ಗ್ರ್ಯುಎಸ್ಲಿ' ಅಂತ ಬರೆಯುತ್ತಾರೆ, ಪುಟ್ಟ ನಮಸ್ಕಾರ. ಆದರೆ 'ಗ್ರ್ಯುಎಟ್ಸಿ' ಅನ್ನೋ ನಮಸ್ಕಾರದ ಕೊನೆಯ 'ಇ' ನೋಡಿ ಅದೂ ಮುದ್ದು ಅಂದುಕೊಳ್ಳಬೇಡಿ. ನಾನು ಎರಡು ವರ್ಷ ಹಾಗೇ ಅಂದುಕೊಂಡಿದ್ದೆ. ಅದು 'ದೇವರು ನಿಮ್ಮನ್ನು ಹರಸಲಿ' ಅನ್ನೋ ಹಳೆಯ ಮಾತು, ಆ 'ಇ' ಅಂದರೆ 'ನಿಮ್ಮನ್ನು'. ಮುದ್ದು ಅಲ್ಲ, ಬಹುವಚನದ ಮರ್ಯಾದೆ. ಡು ಅನ್ನೋ ಗೆಳೆಯನಿಗೆ ಗ್ರ್ಯುಎಟ್ಸಿ ಅಂದರೆ 'ಏನ್ರೀ ಸ್ವಾಮಿ' ಅಂದ ಹಾಗೆ. ಅವರಿಗೆ 'ಹೋಯ್' ಸಾಕು. ಹೌದು, ನಮ್ಮ ಊರಿನ 'ಹೋಯ್' ಥರಾನೇ.

ಬಾಲ ಸರಿಯಾಗಿ ಹೇಳಿದರೆ ಸಾಲದು, ತಲೆಯನ್ನೂ ಸರಿಯಾಗಿ ಹೇಳಬೇಕು. ಬೆಳಿಗ್ಗೆ ತಿನ್ನೋದು 'ಮ್ಯುಎಸ್ಲಿ'. ಜರ್ಮನರ ಹಾಗೆ 'ಮ್ಯೂಸ್ಲಿ' ಅಂದರೆ ಇಲ್ಲಿ ಇಲಿಮರಿ.

ಎಲ್ಬೆ_ತೀರದವಳು

ಯಾರೂ 'ಆಡೆಲೆ' ಬಿಡಿಸಲಿಲ್ಲವಲ್ಲ.

ಸ್ವಾಬಿಯನ್_ಸೊಸೆ

ನಾನು ಹೇಳುತ್ತೇನೆ, ನಮ್ಮ ಮನೆ ಮಾತು ಅದು. ಮದುವೆಯಾಗಿ ಟ್ಯೂಬಿಂಗನ್ ಹತ್ತಿರದ ಹಳ್ಳಿಗೆ ಬಂದವಳು ನಾನು. 'ಆಡೆ' ಅಂದರೆ ಅದೇ ಫ್ರೆಂಚರ 'ಆದ್ಯೂ', ತುಂಬಾ ಹಿಂದೆಯೇ ದಕ್ಷಿಣಕ್ಕೆ ಬಂದದ್ದು. ಅದಕ್ಕೆ ಸ್ವಾಬಿಯನ್ನರ, ಅಂದರೆ ಈ ಸ್ಟುಟ್‌ಗಾರ್ಟ್ ಸೀಮೆಯವರ, 'ಲೆ' ಬಾಲ ಸೇರಿ ಆಡೆಲೆ. ಅಂದರೆ ಚ್ಯೂಸ್ ಮತ್ತು ಆಡೆ ಅಕ್ಕತಂಗಿಯರು, ಉತ್ತರದಲ್ಲೊಬ್ಬಳು ದಕ್ಷಿಣದಲ್ಲೊಬ್ಬಳು. ಸುಮ್ನೆ ಜಗಳ ಆಡುತ್ತಾರೆ.

ನಮ್ಮವರು ಯಾವುದಕ್ಕೂ 'ಲೆ' ಬಿಡುವುದಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಂಡು 'ಸೋಡೆಲೆ' ಅನ್ನುತ್ತಾರೆ, 'ಸರಿಯಪ್ಪ, ಆಯ್ತು' ಅನ್ನೋ ಹಾಗೆ. 'ಈಗ' ಅನ್ನೋ ಪದಕ್ಕೂ ಬಾಲ, 'ಯೆಟ್ಸೆಟ್ಲೆ'. ಈಗ ಅನ್ನೋದನ್ನು ಚಿಕ್ಕದು ಮಾಡೋದು ಹೇಗೆ ಅಂತ ಅತ್ತೆಯನ್ನು ಕೇಳಿದೆ. 'ಚಿಕ್ಕದಲ್ಲ, ಹಿತವಾದ ಈಗ' ಅಂದರು. ಅವರು ಓದಿದ್ದು ಹಳ್ಳಿ ಶಾಲೆಯಲ್ಲಿ. ಟೀಚರಮ್ಮ ಹೇಳಿದ ಆ ವಿಯೆನ್ನಾ ಪಂಡಿತರಿಗೆ ಈ ಮಾತು ಕೇಳಿಸಬೇಕಿತ್ತು.

ಇಮೇಲ್ ಕೊನೆಗೆ 'ಗ್ರ್ಯೂಸ್ಲೆ' ಅಂತ ಬರೆಯುವುದೂ ಇಲ್ಲಿ ರೂಢಿ. ನಾನೊಮ್ಮೆ ಅಭ್ಯಾಸಬಲದಿಂದ ಹ್ಯಾಂಬರ್ಗಿನ ಗ್ರಾಹಕರಿಗೆ ಬರೆದೆ. ಅವರು ಉತ್ತರದಲ್ಲಿ 'ಮೋಯ್ನ್‌ಲೆ' ಅಂತ ಬರೆದು ಕಾಲೆಳೆದರು.

ಜರ್ಮನ್_ಟೀಚರಮ್ಮ

ಟ್ಯೂಬಿಂಗನ್ ಅಂದ ತಕ್ಷಣ ನೆನಪಾಯಿತು. ವಿಷಯಾಂತರ, ಕ್ಷಮಿಸಿ. ನಮ್ಮ ಕಿಟ್ಟೆಲ್ ತೀರಿಕೊಂಡದ್ದು ಅಲ್ಲೇ, 1903ರಲ್ಲಿ. ಹುಟ್ಟಿದ್ದು 1832ರಲ್ಲಿ, ಉತ್ತರದ ತುದಿಯ ಪೂರ್ವ ಫ್ರಿಸಿಯಾದ ರೆಸ್ಟರ್‌ಹಾಫೆಯಲ್ಲಿ, ಅಂದರೆ ಈಗಿನ ಮೋಯ್ನ್ ಸೀಮೆ. ಮೋಯ್ನ್ ಸೀಮೆಯಲ್ಲಿ ಹುಟ್ಟಿ, 1894ರಲ್ಲಿ ಕನ್ನಡದ ಆ ದೊಡ್ಡ ನಿಘಂಟು ಕೊಟ್ಟು, ಆಡೆಲೆ ಸೀಮೆಯಲ್ಲಿ ಕಣ್ಣು ಮುಚ್ಚಿದರು. 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಮೋಗ್ಲಿಂಗ್ ಅಂತೂ ವ್ಯುರ್ಟೆಂಬರ್ಗಿನ ಬ್ರಾಕನ್‌ಹೈಮ್‌ನವರು, ಹುಟ್ಟಾ 'ಲೆ' ಜನ. ಮಂಗಳೂರಿನ ಬಾಸೆಲ್ ಮಿಷನ್ ಮನೆಯಲ್ಲಿ ಸಂಜೆ ಪ್ರೆಸ್ಸು ನಿಲ್ಲಿಸಿ ಅವರು 'ಸೋಡೆಲೆ' ಅಂದಿರಬಹುದಾ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಕೊಲೋನ್_ನರ್ಸಕ್ಕ

ಅಂದಿದ್ದರೆ ಪಕ್ಕದಲ್ಲಿದ್ದ ನಮ್ಮವರು 'ಸೋಡ ಎಲ್ಲಿ' ಅಂತ ಕೇಳಿಸಿಕೊಂಡಿರುತ್ತಾರೆ ಮಾರಾಯ್ರೆ.

ಮೈಸೂರ್‌ಪಾಕ್_ಸಿಂಡೆಲ್ಫಿಂಗನ್

ಒಂದು ವಾರದ ವರದಿ. ನಾವು 'ಡು' ಅನ್ನುವವರೇ, ಖಾತ್ರಿ ಮಾಡಿಕೊಂಡೆ. ಸೋಮವಾರ ಮೀಟಿಂಗ್‌ನಲ್ಲಿ ಟೀಚರಮ್ಮ ಹೇಳಿದ ಹಾಗೆ ಅದೇ ಮುಖ. ನಿನ್ನೆ ಶುಕ್ರವಾರ ಅವರಿಗಿಂತ ಮೊದಲು ನಾನೇ ಎದ್ದು, ಬಾಗಿಲ ಹತ್ತಿರ ತಿರುಗಿ, ಧೈರ್ಯ ಮಾಡಿ 'ಆಡೆಲೆ!' ಅಂದೆ. ಇಡೀ ಸಾಲು ತಲೆ ಎತ್ತಿತು. ಹಿಂದಿನ ಸೀಟಿನ ಹೆಂಗಸು ಚಪ್ಪಾಳೆ ತಟ್ಟಿದರು. ಬಾಸ್ ನಕ್ಕರು. ನಿಜವಾಗಿ, ಹಲ್ಲು ಕಾಣೋ ಹಾಗೆ.

ಆದರೆ ಅವರು ವಾಪಸ್ ಹೇಳಿದ್ದು 'ಬಿಸ್ ಬಾಲ್ಡ್ರಿಯಾನ್'. ಮನೆಗೆ ಬಂದು ಹುಡುಕಿದರೆ ಬಾಲ್ಡ್ರಿಯಾನ್ ಅಂದರೆ ನಿದ್ದೆ ಬರಲು ಕುಡಿಯೋ ಗಿಡಮೂಲಿಕೆ ಅಂತಿದೆ. ನಾನು ಕೆಲಸದಲ್ಲಿ ನಿದ್ದೆ ಮಾಡುತ್ತೇನೆ ಅಂತಾನಾ?

ಎಲ್ಬೆ_ತೀರದವಳು

ಇಲ್ಲಪ್ಪ! 'ಬಿಸ್ ಬಾಲ್ಟ್' ಅಂದರೆ 'ಬೇಗ ಸಿಗೋಣ'. ಅದಕ್ಕೆ ಪ್ರಾಸಕ್ಕಾಗಿ ಗಿಡಮೂಲಿಕೆ ಅಂಟಿಸಿದ್ದಾರೆ. ಇದು ಬೇರೆಯದೇ ಹುಚ್ಚು. ಮುಂದಿನ ವಾರ ನೀವು 'ಬಿಸ್ ಶ್ಪೇಟರ್‌ಜೀಲಿಯೆ' ಅನ್ನಿ. 'ಆಮೇಲೆ ಸಿಗೋಣ' ಅನ್ನೋದಕ್ಕೆ ಪಾರ್ಸ್ಲಿ ಸೊಪ್ಪು ಕಟ್ಟಿದ್ದು. ಅವರು 'ವಿರ್ಸಿಂಗ್' ಅಂದರೆ ಹೆದರಬೇಡಿ, ಅದು 'ವೀಡರ್‌ಜೇನ್' ಬದಲು ಹೇಳೋ ಎಲೆಕೋಸು.

ಧಾರವಾಡ_ಪೇಢಾ

ಪಲ್ಯದ ಸಾಮಾನು ಕೂಡಿತು ನೋಡ್ರೀ. ಶರಣ್ರೀ ಎಲ್ಲರಿಗೂ, ಊಟಕ್ಕೆ ಕರೀತಿದ್ದಾರೆ, ಬರ್ತೀನಿ.